ಲಕ್ಷ್ಮಣಫಲದ ಎಲೆ ಕ್ಯಾನ್ಸರ್ ಕೋಶ ಕೊಲ್ಲುತ್ತದಂತೆ, ಕಷಾಯ ಕೊಡಬಹುದಾ?

ಪ್ರಶ್ನೆ: ನಮ್ಮತ್ತೆಗೆ ಮುಂಬೈಯ ಪರೇಲ್‌ನಲ್ಲಿ ಕೀಮೋ ನಡೆಯುತ್ತಿದೆ. ಲಕ್ಷ್ಮಣಫಲದ ಎಲೆ ಲ್ಯಾಬಿನಲ್ಲಿ ಕ್ಯಾನ್ಸರ್ ಕೋಶಗಳನ್ನು ಕೊಂದಿದೆ ಎಂದು ವಾಟ್ಸಾಪಿನಲ್ಲಿ ಬಂದಿದೆ. ಕಷಾಯ ಮಾಡಿ ಕೊಡಲಾ?
(ಡೊಂಬಿವಲಿಯ ಓದುಗರು)

ಕೊಡಬೇಡಿ. ಸುದ್ದಿ ಪೂರ್ತಿ ಸುಳ್ಳಲ್ಲ, ತೊಂದರೆ ಇರುವುದೇ ಅಲ್ಲಿ. ಎಲೆಯ ಸಾರ ಕೋಶಗಳನ್ನು ಕೊಂದದ್ದು ನಿಜ. ಎಲ್ಲಿ, ಹೇಗೆ ಅನ್ನುವುದನ್ನು ಮಾತ್ರ ಯಾರೂ ಫಾರ್ವರ್ಡ್ ಮಾಡುವುದಿಲ್ಲ.

ಟಾಟಾ ಸ್ಮಾರಕ ಕೇಂದ್ರದವರ ನವಿ ಮುಂಬೈ ಖಾರ್‌ಘರ್‌ನ ಆಕ್ಟ್ರೆಕ್ ಎಂಬ ಕ್ಯಾನ್ಸರ್ ಸಂಶೋಧನಾ ಕೇಂದ್ರದಲ್ಲೂ ಗಿಡಮೂಲಿಕೆ ಸಾರಗಳ ಇಂಥ ಪರೀಕ್ಷೆ ನಡೆಯುತ್ತದೆ. ಅಂಗೈಯಗಲದ ಪ್ಲಾಸ್ಟಿಕ್ ತಟ್ಟೆ, ಅದರಲ್ಲಿ 96 ಪುಟ್ಟ ಗುಳಿ, ಗುಳಿಗಳ ತಳದಲ್ಲಿ ಕ್ಯಾನ್ಸರ್ ಕೋಶಗಳು. ಸಾರವನ್ನು ಮಿಲಿಲೀಟರಿಗೆ 10, 20, 40, 80 ಮೈಕ್ರೋಗ್ರಾಂ ಹೀಗೆ ಏರಿಸುತ್ತಾ ಹಾಕಿ 48 ಗಂಟೆ ಬಿಡುತ್ತಾರೆ. ಆಮೇಲೆ ಗುಲಾಬಿ ಬಣ್ಣ ಹಾಕಿ ತೊಳೆಯುತ್ತಾರೆ. ಕೋಶ ಜಾಸ್ತಿ ಉಳಿದಿದ್ದರೆ ಗಾಢ ಗುಲಾಬಿ, ಕಮ್ಮಿ ಇದ್ದರೆ ತೆಳು. ಪಕ್ಕದ ಗುಳಿಗಳಲ್ಲಿ ಹೋಲಿಕೆಗೆಂದು ಅಡ್ರಿಯಾಮೈಸಿನ್ ಎಂಬ ಹಳೇ ಕೀಮೋ ಔಷಧಿ ಇರುತ್ತದೆ. ಕೋಶಗಳ ಬೆಳವಣಿಗೆ ಅರ್ಧಕ್ಕಿಳಿಯಲು 20 ಮೈಕ್ರೋಗ್ರಾಂ ಇಲ್ಲವೇ ಅದಕ್ಕೂ ಕಮ್ಮಿ ಸಾಕಾದರೆ, ಸಾರವನ್ನು ಮುಂದಿನ ಪರೀಕ್ಷೆಗೆ ತೆಗೆದುಕೊಳ್ಳಬಹುದು. ಅಷ್ಟೇ.

ಆ ಗುಳಿಯಲ್ಲಿ ಹೊಟ್ಟೆ ಇಲ್ಲ, ಲಿವರ್ ಇಲ್ಲ, ಕಿಡ್ನಿ ಇಲ್ಲ. ಎರಡು ದಿನ ಕೋಶಗಳು ಸಾರದಲ್ಲೇ ಮುಳುಗಿರುತ್ತವೆ. ಫಿನೈಲ್ ಹಾಕಿದರೂ ಸಾಯುತ್ತವೆ, ಅಲ್ವಾ? ಅದೂ ಈ ಸಾರ ತೆಗೆಯುವುದು ಎಷ್ಟೋ ಸಲ ಮೆಥನಾಲ್‌ನಂಥ ದ್ರಾವಕದಲ್ಲಿ. ಮನೆಯ ಕಷಾಯ ಬೇರೆಯೇ ವಸ್ತು. ಅರಿಶಿನದಲ್ಲಿರುವ ಕರ್ಕ್ಯುಮಿನ್ ಎಂಬ ವಸ್ತು ಲ್ಯಾಬಿನ ತಟ್ಟೆಯಲ್ಲಿ ಹುಲಿ. ತಿಂದರೆ ರಕ್ತಕ್ಕೆ ಸೇರುವುದು ತೀರಾ ಅಲ್ಪ.

ಹಾಗಂತ ಗಿಡಗಳಿಂದ ಔಷಧಿ ಬರುವುದಿಲ್ಲ ಎಂದಲ್ಲ. ಮಹಾಬಳೇಶ್ವರದ ಕಡೆ ನರಕ್ಯಾ ಎಂಬ ಮರವಿದೆ. ಅದರಲ್ಲಿ ಕ್ಯಾನ್ಸರ್ ಕೋಶಗಳನ್ನು ಕೊಲ್ಲುವ ಕ್ಯಾಂಪ್ಟೋಥೆಸಿನ್ ಎಂಬ ವಸ್ತು ಸಿಗುತ್ತದೆ. 1966ರಲ್ಲಿ ಇದೇ ವಸ್ತು ಚೀನಾ ಮೂಲದ ಇನ್ನೊಂದು ಮರದಲ್ಲಿ ಸಿಕ್ಕಿದ ವರದಿ ಬಂತು. ಮುಂದೆ ರೋಗಿಗಳಿಗೆ ಕೊಟ್ಟು ನೋಡಿದಾಗ ಮೂತ್ರಕೋಶಕ್ಕೆ ಪೆಟ್ಟು ಬಿತ್ತು, ಪ್ರಯೋಗ ನಿಂತಿತು. ಅಣುವನ್ನು ತಿದ್ದಿ ಮಾಡಿದ ಟೋಪೋಟಿಕಾನ್, ಇರಿನೋಟಿಕಾನ್ ಎಂಬ ಕೀಮೋ ಔಷಧಿಗಳಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1996ರಲ್ಲಿ. ಮೂವತ್ತು ವರ್ಷ!

ಲಕ್ಷ್ಮಣಫಲದ್ದು ಇನ್ನೊಂದು ತಕರಾರು. ಅದರಲ್ಲಿನ ಅನೋನಾಸಿನ್ ಎಂಬ ವಸ್ತು ನರಕೋಶಗಳಿಗೂ ವಿಷ. ಕೆರಿಬಿಯನ್‌ನ ಗ್ವಾಡಲೂಪ್ ದ್ವೀಪದಲ್ಲಿ ಈ ಹಣ್ಣು, ಎಲೆಯ ಟೀ ಜಾಸ್ತಿ ಬಳಸುವುದಕ್ಕೂ ಪಾರ್ಕಿನ್ಸನ್ ಥರದ ಕಾಯಿಲೆಗೂ ನಂಟಿದೆಯೆಂದು ಸಂಶೋಧಕರು ಗುರುತಿಸಿದ್ದಾರೆ. ಕೆಲವು ಕೀಮೋ ಔಷಧಿಗಳೇ ನರಗಳಿಗೆ ತೊಂದರೆ ಕೊಡುತ್ತವೆ, ಅದರ ಮೇಲೆ ಇದು ಯಾಕೆ?

ಈಗಾಗಲೇ ಕೊಟ್ಟಿದ್ದರೆ ನಿಲ್ಲಿಸಿ. ಎಷ್ಟು ದಿನ, ದಿನಕ್ಕೆ ಎಷ್ಟು ಲೋಟ ಅಂತ ಬರೆದಿಟ್ಟು, ಮುಂದಿನ ಕೀಮೋ ಶುರುವಾಗುವ ಮೊದಲೇ ಡಾಕ್ಟರಿಗೆ ತೋರಿಸಿ. ಬೈದರೆ ಬೈಸಿಕೊಳ್ಳಿ.