ವೈಫೈ ಸಿಗ್ನಲ್ ಫುಲ್, ಆದರೂ ನೆಟ್ ಯಾಕೆ ಬರಲ್ಲ?

ಬೆಳಗಾವಿಯ ಓದುಗರೊಬ್ಬರ ಪ್ರಶ್ನೆ: "ಏರ್‌ಪೋರ್ಟಿನ್ಯಾಗ ಕುಂತಾಗ ಫೋನಿನ್ಯಾಗ ವೈಫೈ ಫುಲ್ ತೋರಸ್ತದ, ಆದ್ರ ಒಂದ್ ಪೇಜೂ ತೆರಿಯಂಗಿಲ್ಲ. ಯಾಕ್ರೀ?"

ಚಾವಣಿಯಲ್ಲಿ ಕೂತು ವೈಫೈ ಹರಡುವ ಆಕ್ಸೆಸ್ ಪಾಯಿಂಟ್ ಡಬ್ಬಿಯ ದನಿ ನಿಮ್ಮ ಫೋನಿಗೆ ಚೆನ್ನಾಗಿ ಕೇಳಿಸುತ್ತಿದೆ ಎಂಬುದಷ್ಟೇ ಆ ಗೆರೆಗಳ ಅರ್ಥ. ನಿಮ್ಮ ಸರದಿ ಯಾವಾಗ ಬರುತ್ತದೆ ಎಂದು ಅವು ಹೇಳುವುದಿಲ್ಲ.

ತೊಡಕಿರುವುದೇ ಸರದಿಯಲ್ಲಿ. ಒಂದು ಚಾನೆಲ್‌ನಲ್ಲಿ, ಅಂದರೆ ವೈಫೈ ಓಡಾಡುವ ಒಂದು ತರಂಗದ ದಾರಿಯಲ್ಲಿ, ಒಂದು ಹೊತ್ತಿಗೆ ಒಬ್ಬರೇ ಮಾತಾಡಬೇಕು. ಬಸ್ ಪಾಸ್ ಕೌಂಟರಿನಲ್ಲಿ ಒಬ್ಬ ಚಿಲ್ಲರೆ ಎಣಿಸುತ್ತ ನಿಂತರೆ ಹಿಂದಿನ ಇಪ್ಪತ್ತು ಜನ ಕಾಯುತ್ತಾರಲ್ಲ, ಹಾಗೆ ಮೂಲೆಯಲ್ಲಿ ಸಿಗ್ನಲ್ ಸರಿಯಾಗಿ ಸಿಗದ ಹಳೇ ಫೋನೊಂದು ನಿಧಾನಕ್ಕೆ ಕಳಿಸುತ್ತ ಎಲ್ಲರ ಹೊತ್ತು ತಿನ್ನುತ್ತದೆ. 2.4 ಗಿಗಾಹರ್ಟ್ಸ್ ಎಂಬ ವೈಫೈ ತರಂಗಪಟ್ಟಿಯಲ್ಲಂತೂ ಒಂದರ ಮೇಲೊಂದು ಬೀಳದ ಚಾನೆಲ್ ಮೂರೇ: 1, 6, 11. ಪ್ರಯಾಣಿಕರ ಹಾಟ್‌ಸ್ಪಾಟ್, ಬ್ಲೂಟೂತ್ ಇಯರ್‌ಫೋನ್ ಎಲ್ಲ ಅಲ್ಲೇ ನುಗ್ಗುತ್ತವೆ. 5 ಗಿಗಾಹರ್ಟ್ಸ್‌ನಲ್ಲಿ ಜಾಗ ಧಾರಾಳ. 2018ರಲ್ಲಿ ಸರ್ಕಾರ ಅಲ್ಲಿ ಇನ್ನಷ್ಟು ತರಂಗಾಂತರವನ್ನು ಪರವಾನಗಿಯಿಲ್ಲದೆ ಬಳಸಲು ಬಿಟ್ಟಿತು.

ಜೋರಾದ ಡಬ್ಬಿ ಹಾಕಿದರಾಯಿತಲ್ಲ ಅನ್ನಬಹುದು. ಖಡೇ ಬಜಾರಿನಲ್ಲಿ ಒಬ್ಬ ಅಂಗಡಿಯವ ಮೈಕ್ ಹಿಡಿದರೆ ಅಕ್ಕಪಕ್ಕದವರ ವ್ಯಾಪಾರ ಕೆಟ್ಟಿತು ಅಂತಲೇ ಲೆಕ್ಕ. ಮೇಲಾಗಿ ನಿಮ್ಮ ಫೋನಿಗೆ ಅಷ್ಟೇ ಜೋರಾಗಿ ಉತ್ತರಿಸುವ ತಾಕತ್ತಿಲ್ಲ. ಬಲ್ಲವರು ಡಬ್ಬಿಗಳನ್ನು ಹೆಚ್ಚಿಸಿ, ಒಂದೊಂದರ ದನಿ ತಗ್ಗಿಸುತ್ತಾರೆ. ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಂಥ ಸಣ್ಣ ಟರ್ಮಿನಲ್‌ಗಳಿಗೆ ಜನ ಬರುವುದು ವಿಮಾನದ ಹೊತ್ತಿಗೆ, ದಂಡಾಗಿ. ಲೆಕ್ಕ ಹಾಕಬೇಕಾದ್ದು ಆ ಒಂದು ತಾಸಿಗೆ. ರಾತ್ರಿ ಖಾಲಿ ಹಾಲಿನಲ್ಲಿ ಅಳೆದದ್ದು ಬೆಳಿಗ್ಗೆ ಸುಳ್ಳಾಗುತ್ತದೆ: ಮನುಷ್ಯನ ಮೈಯಲ್ಲಿ ಹೆಚ್ಚಿನ ಪಾಲು ನೀರು, ಈ ತರಂಗಗಳನ್ನು ನೀರು ಹೀರುತ್ತದೆ. ಹತ್ತು ಜನ ಅಡ್ಡ ನಿಂತರೆ ಅದೂ ಒಂದು ಗೋಡೆಯೇ.

ಓಟಿಪಿ ಕಾಟ ಬೇರೆಯದೇ. ಸಾರ್ವಜನಿಕ ವೈಫೈ ಬಳಸಿದವರ ಗುರುತು ಇರಬೇಕೆಂಬ ಸರ್ಕಾರಿ ನಿಯಮದಿಂದ ಬಂದದ್ದು ಅದು. ವೈಫೈ ಸಿಗಲು ಓಟಿಪಿ ಬೇಕು, ಓಟಿಪಿ ಬರಲು ಮೊಬೈಲ್ ಸಿಗ್ನಲ್ ಬೇಕು! ಒಮ್ಮೆ ಯಾವುದೋ ಊರಿನ ಗಾಜಿನ ಹಾಲಿನಲ್ಲಿ ಕಾದು ಕಾದು ಸಾಕಾಗಿ ಎದ್ದೆ; ವಿಮಾನದ ಮೆಟ್ಟಿಲ ಬುಡದಲ್ಲಿ ನಿಂತಾಗ ಮೂರು ಓಟಿಪಿ ಒಟ್ಟಿಗೇ ಟಣ್ ಟಣ್ ಎಂದವು.

ಲಾಗಿನ್ ಪುಟವೇ ಬಾರದಿದ್ದರೆ ವಿಪಿಎನ್ (ನೆಟ್ ಸಂಚಾರವನ್ನು ಬೇರೆ ದಾರಿಯಲ್ಲಿ ಗುಟ್ಟಾಗಿ ಸಾಗಿಸುವ ಆ್ಯಪ್) ಬಂದ್ ಮಾಡಿ, ಬ್ರೌಸರಿನಲ್ಲಿ 'ನೆವರ್‌ಎಸ್‌ಎಸ್‌ಎಲ್ ಡಾಟ್ ಕಾಮ್' ಹೊಡೆದು ನೋಡಿ. ಎಚ್‌ಟಿಟಿಪಿಎಸ್ ಎಂಬ ಸುರಕ್ಷತೆಯ ಬೀಗವಿರುವ ಪುಟಗಳನ್ನು ವೈಫೈ ತನ್ನ ಲಾಗಿನ್ ಕಡೆ ತಿರುಗಿಸಲಾರದು. ಈ ನೆವರ್‌ಎಸ್‌ಎಸ್‌ಎಲ್ ಪುಟಕ್ಕೆ ಬೀಗವಿಲ್ಲ.