ಪಿಕಪ್ ಕೇಳುವ ಮೊದಲು ಹೋಸ್ ನೋಡಿ

ಮೊದಲ ಕಾಲದ ಬೆಂಟ್ಲಿ ಕಾಂಟಿನೆಂಟಲ್ ಜಿಟಿ ತಗೊಂಡವರು ನನ್ನ ಹತ್ತಿರ ಬಂದಾಗ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ರೀಮ್ಯಾಪ್ ಮಾಡಿಸಿದರೆ ಎಷ್ಟು ಪವರ್ ಜಾಸ್ತಿ ಆಗುತ್ತೆ?" ರೀಮ್ಯಾಪ್ ಅಂದರೆ ಪವರ್ ಏರಿಸಲು ಇಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಿಸುವುದು. ಈಗ ಎಷ್ಟಿದೆ ಅಂತ ನಾನು ಕೇಳುತ್ತೇನೆ. ತಟ್ಟನೆ "552 ಬಿಎಚ್‌ಪಿ" ಅನ್ನುತ್ತಾರೆ. ಅದು 2003ರಲ್ಲಿ ಕಂಪನಿ ಹೇಳಿದ ಲೆಕ್ಕ. ಇಷ್ಟು ವರ್ಷ ಓಡಿದ, ಅದಕ್ಕಿಂತ ಜಾಸ್ತಿ ಸುಮ್ನೆ ನಿಂತಿದ್ದ ನಿಮ್ಮ ಕಾರಿನ ಲೆಕ್ಕ ಅದೇ ಅಂತ ಯಾರು ಹೇಳಿದರು?

ಆಯಿಲ್, ಪ್ಲಗ್, ಫಿಲ್ಟರ್ ವಿಷಯ ಇಲ್ಲಿ ಎತ್ತುವುದಿಲ್ಲ. ಅಷ್ಟನ್ನು ಮಾಡಿಸಿರುತ್ತೀರಿ ಅಂದುಕೊಂಡಿದ್ದೇನೆ. ನಾನು ಹೇಳಬೇಕಾದದ್ದು ಬೂಸ್ಟ್ ಬಗ್ಗೆ, ಅಂದರೆ ಟರ್ಬೊ ಇಂಜಿನ್‌ ಒಳಗೆ ತುಂಬುವ ಗಾಳಿಯ ಒತ್ತಡದ ಬಗ್ಗೆ. ಎಷ್ಟು ಸಲ ಹೇಳಿದರೂ ಜನರ ತಲೆಗೆ ಹೋಗದ ವಿಷಯ ಇದೊಂದೇ, ಹಾಗಾಗಿ ಸ್ವಲ್ಪ ಉದ್ದ ಆಗುತ್ತೆ.

ಈ ಕಾರಿನ 6 ಲೀಟರ್ ಡಬ್ಲ್ಯೂ12 ಇಂಜಿನ್‌ಗೆ ಎರಡು ಟರ್ಬೊ ಇವೆ. 650 ನ್ಯೂಟನ್ ಮೀಟರ್ ಟಾರ್ಕ್ 1,600 ಆರ್‌ಪಿಎಂಗೇ ಸಿಗುತ್ತೆ. ಟರ್ಬೊದಿಂದ ಗಾಳಿ ತಣಿಸುವ ಇಂಟರ್‌ಕೂಲರ್‌ಗೆ, ಅಲ್ಲಿಂದ ಇಂಜಿನ್‌ಗೆ ಗಾಳಿ ಒಯ್ಯುವುದು ಹೋಸ್‌ಗಳು. ಇದಲ್ಲದೆ ಸಣ್ಣ ಸಣ್ಣ ವ್ಯಾಕ್ಯೂಮ್ ಪೈಪ್‌ಗಳೂ ಬೇಕಾದಷ್ಟಿವೆ. ಎಲ್ಲವೂ ಕೂತಿರುವುದು ಕೈ ತೂರದಷ್ಟು ಇಕ್ಕಟ್ಟಿನ, ವಿಪರೀತ ಬಿಸಿ ಇರುವ ಜಾಗದಲ್ಲಿ. ವರ್ಷ ಕಳೆದಂತೆ ರಬ್ಬರ್ ಬಿರುಸಾಗುತ್ತೆ, ಬಿರುಕು ಬಿಡುತ್ತೆ. ಕ್ಲಿಪ್ ಸಡಿಲ ಆಗುತ್ತೆ.

ಈಗ ಗಾಳಿ ಸೋರುತ್ತಿದೆ ಅನ್ನಿ. ಕಂಪ್ಯೂಟರ್ ಇಷ್ಟು ಬೂಸ್ಟ್ ಬೇಕು ಅನ್ನುತ್ತೆ, ಅಷ್ಟು ಬರುವುದಿಲ್ಲ. ಆಗ ಅದು ಟರ್ಬೊವನ್ನು ಇನ್ನೂ ಜೋರಾಗಿ ತಿರುಗಿಸುತ್ತೆ. ಟರ್ಬೊ ಜೋರಾಗಿ ತಿರುಗಿದಷ್ಟೂ ಗಾಳಿ ಬಿಸಿ. ಬಿಸಿ ಗಾಳಿ ಒಳಗೆ ಹೋದರೆ ನಾಕಿಂಗ್, ಅಂದರೆ ಪೆಟ್ರೋಲ್ ತಪ್ಪು ಹೊತ್ತಿಗೆ ಸಿಡಿದು ಇಂಜಿನ್ ಬಡಿಯುವುದು, ಶುರುವಾಗುತ್ತೆ. ಅದು ಕೇಳಿಸಿದ ಕೂಡಲೇ ಕಂಪ್ಯೂಟರ್ ಇಂಜಿನ್ ಉಳಿಸಿಕೊಳ್ಳಲು ಇಗ್ನಿಷನ್ ಟೈಮಿಂಗ್ ಹಿಂದಕ್ಕೆ ತಳ್ಳುತ್ತೆ, ಅಂದರೆ ಪ್ಲಗ್ಗಿನ ಕಿಡಿಯನ್ನು ತಡ ಮಾಡುತ್ತೆ. ಪವರ್ ಬೀಳುತ್ತೆ, ಎಕ್ಸಾಸ್ಟ್ ಇನ್ನಷ್ಟು ಕಾಯುತ್ತೆ. ಡ್ಯಾಶ್‌ಬೋರ್ಡಿನಲ್ಲಿ ಒಂದು ಲೈಟೂ ಹತ್ತದೆ ಇಷ್ಟೆಲ್ಲ ನಡೆಯಬಹುದು. ನಿಮಗೆ ಅನ್ನಿಸುವುದು ಇಷ್ಟೇ: ಪಿಕಪ್ ಸ್ವಲ್ಪ ಸಪ್ಪೆ, ರೀಮ್ಯಾಪ್ ಮಾಡಿಸಿದರೆ ಸರಿಹೋಗುತ್ತೆ.

ರೀಮ್ಯಾಪ್ ಏನು ಮಾಡುತ್ತೆ? ಇನ್ನೂ ಜಾಸ್ತಿ ಬೂಸ್ಟ್ ಕೇಳುತ್ತೆ. ಕೇಳಿದ್ದೇ ಬರದ ಇಂಜಿನ್‌ನಿಂದ ಇನ್ನಷ್ಟು ಕೇಳುವುದು, ತೂತು ಬಿಂದಿಗೆಗೆ ನಲ್ಲಿ ಜೋರು ಮಾಡಿದ ಹಾಗೆ. ಅಲ್ಲಿ ಹೋಗುವುದು ಬರೀ ನೀರು, ಇಲ್ಲಿ ಟರ್ಬೊನೇ ಹೋಗಬಹುದು. ಅದನ್ನು ಬದಲಿಸಲು ಸಾಮಾನ್ಯವಾಗಿ ಇಡೀ ಇಂಜಿನ್ ಕೆಳಗಿಳಿಸಬೇಕು. ಅಷ್ಟು ಹೊತ್ತಿನ ಕೂಲಿ ಎಷ್ಟಾಗುತ್ತೆ ಅಂತ ಕೇಳಿದ ಮೇಲೆ ಯಾರೂ ಹಾರ್ಸ್‌ಪವರ್ ಮಾತು ಎತ್ತುವುದಿಲ್ಲ. ಅಂದಹಾಗೆ, ಯಾವುದೇ ಕಾರಣಕ್ಕೆ ಇಂಜಿನ್ ಹೊರಗೆ ಬಂತೋ, ಚೆನ್ನಾಗಿ ಕಾಣುವ ಹೋಸ್‌ಗಳನ್ನೂ ಸೇರಿಸಿ ಎಲ್ಲ ಬದಲಿಸಿಬಿಡಿ. ಆಗ ಕಂಜೂಸು ಮಾಡಬೇಡಿ.

ಕಾರು ನೋಡದೆ ಇದೇ ರೋಗ ಅಂತ ನಾನು ಹೇಳಲಾರೆ. ಸೋರಿಕೆ ಇಲ್ಲದೆಯೂ ಪಿಕಪ್ ಕುಗ್ಗಬಹುದು. ಪ್ಲಗ್ಗಿಗೆ ಕಿಡಿ ಕೊಡುವ ಕಾಯಿಲ್ ಇರಬಹುದು, ಇಂಧನದ ಪ್ರೆಶರ್ ಇರಬಹುದು. ಡಿಕ್ಕಿಯಲ್ಲಿ ಎರಡು ಬ್ಯಾಟರಿ ಇವೆ. ಅವು ಸೋತರೆ ಈ ಕಾರು ಇಲ್ಲದ ದೂರುಗಳನ್ನೆಲ್ಲ ಹೇಳುತ್ತೆ. ಅದಕ್ಕೇ ನಾನು ಮೊದಲು ಸ್ಮೋಕ್ ಟೆಸ್ಟ್ ಮಾಡುತ್ತೇನೆ, ಪೈಪ್‌ಗಳಿಗೆ ಹೊಗೆ ಬಿಟ್ಟು ಎಲ್ಲಿ ಸೋರುತ್ತೆ ಅಂತ ನೋಡುತ್ತೇನೆ. ಆಮೇಲೆ ಸ್ಕ್ಯಾನರ್ ಹಾಕಿಕೊಂಡು ಒಂದು ರೌಂಡ್ ಓಡಿಸಿ ಲಾಗ್ ತೆಗೆಯುತ್ತೇನೆ. ಕೇಳಿದ ಬೂಸ್ಟ್ ಎಷ್ಟು, ಬಂದದ್ದೆಷ್ಟು, ಒಳಗೆ ಹೋಗುವ ಗಾಳಿಯ ಬಿಸಿ ಎಷ್ಟು, ಟೈಮಿಂಗ್ ಎಷ್ಟು ಹಿಂದೆ ಹೋಗಿದೆ. ಈ ನಾಲ್ಕು ಅಂಕಿ ನೋಡದೆ ರೀಮ್ಯಾಪ್ ಮಾತಾಡುವುದೇ ವ್ಯರ್ಥ.

ಒಬ್ಬರು ಇದ್ದರು, ಬಹಳ ಒಳ್ಳೆಯವರು, ಕಾರನ್ನು ಮಗುವಿನಂತೆ ನೋಡಿಕೊಂಡವರು. ಸ್ಟೇಜ್ ಒನ್, ಅಂದರೆ ಮೊದಲ ಹಂತದ ರೀಮ್ಯಾಪ್, ಬೇಕೇ ಬೇಕು ಅಂತ ಹಟ ಹಿಡಿದು ಬಂದರು. ಒಂದು ಹೋಸ್ ಬದಲಿಸಿ, ಇನ್ನೊಂದರ ಕ್ಲಿಪ್ ಬಿಗಿದು ಕೊಟ್ಟೆ. ಓಡಿಸಿಕೊಂಡು ಬಂದವರ ಮುಖ ಅರಳಿತ್ತು. "ಸಾರ್, ಎಷ್ಟು ಹಾಕಿದ್ರಿ?" ಏನೂ ಹಾಕಿಲ್ಲ ಅಂದರೆ ನಂಬಲಿಲ್ಲ. ಲಾಗ್ ತೋರಿಸಿದ ಮೇಲೆ ಒಂದು ಕ್ಷಣ ಸುಮ್ಮನಿದ್ದು, ಬಿಲ್ಲಿನಲ್ಲಿ "ಸ್ಟೇಜ್ ಒನ್" ಅಂತಲೇ ಬರೆದುಕೊಡಿ ಅಂದರು. ಸ್ನೇಹಿತರಿಗೆಲ್ಲ ಆಗಲೇ ಹೇಳಿಬಿಟ್ಟಿದ್ದರಂತೆ. ನಾನು ಬರೆಯಲಿಲ್ಲ. ಆದರೆ ಅವರ ಸ್ನೇಹಿತರು ಸಿಕ್ಕಾಗ ಬಾಯಿ ಮುಚ್ಚಿಕೊಂಡಿದ್ದೇನೆ.

ಕಂಪನಿಯೇ 2007ರಲ್ಲಿ ಸ್ಪೀಡ್ ಮಾಡೆಲ್ ಮಾಡಿತಲ್ಲ, 600 ಬಿಎಚ್‌ಪಿ, 750 ನ್ಯೂಟನ್ ಮೀಟರ್, ಅಷ್ಟು ಮಾಡಿಸಿದರೆ ತಪ್ಪೇನು ಅಂತ ವಾದಿಸುವವರಿದ್ದಾರೆ. ತಪ್ಪಿಲ್ಲ. ಆದರೆ ಆ ಪವರ್‌ಗಾಗಿ ಕಂಪನಿ ಪಿಸ್ಟನ್ ಮತ್ತು ಕನೆಕ್ಟಿಂಗ್ ರಾಡ್‌ಗಳನ್ನೂ ಬದಲಿಸಿತ್ತು. ನಿಮಗೆ ಸಿಗುವುದು ಬರೀ ಸಾಫ್ಟ್‌ವೇರ್. ಆರೋಗ್ಯವಾಗಿರುವ ಹಳೆಯ ಇಂಜಿನ್ ಹದವಾದ ರೀಮ್ಯಾಪ್ ತಡೆದುಕೊಳ್ಳುತ್ತೆ ಅನ್ನುವುದು ನನ್ನ ಅನುಭವ. ಗ್ಯಾರಂಟಿ ಕೊಡಲಾರೆ. ಗೇರ್‌ಬಾಕ್ಸ್ ಆಯಿಲ್ ಜೀವಮಾನ ಪೂರ್ತಿ ಬರುತ್ತೆ ಅನ್ನುವ ಮಾತನ್ನಂತೂ ನಂಬಬೇಡಿ. ಇದರ ಆರು ಗೇರಿನ ಬಾಕ್ಸ್ ಮಾಡಿದ ಝಡ್‌ಎಫ್ ಕಂಪನಿಯೇ 80,000ದಿಂದ 1,20,000 ಕಿಲೋಮೀಟರಿಗೆ, ಇಲ್ಲವೇ 8 ವರ್ಷಕ್ಕೆ ಬದಲಿಸಿ ಅನ್ನುತ್ತೆ. ಟಾರ್ಕ್ ಏರಿಸುವ ಮೊದಲು ಅದು ಆಗಿರಲಿ.

ಇನ್ನು ನಿಲ್ಲಿಸುವ ವಿಷಯ. ಕಾರು ಸುಮಾರು 2,400 ಕಿಲೋ. ವೇಗ 100ರಿಂದ 120ಕ್ಕೆ ಏರಿದರೆ ಬ್ರೇಕ್ ನುಂಗಬೇಕಾದ ಶಕ್ತಿ 44 ಶೇಕಡ ಜಾಸ್ತಿ. ಮುಂದಿನ ಡಿಸ್ಕ್ 405 ಮಿಲಿಮೀಟರ್, ಕಮ್ಮಿಯೇನಲ್ಲ. ಹಾಗಾಗಿ ದೊಡ್ಡ ಬ್ರೇಕ್ ಕಿಟ್ ಬೇಡ, ಹಳೆಯ ಬ್ರೇಕ್ ಫ್ಲೂಯಿಡ್ ಬದಲಿಸಿ. ಡಾಟ್ 4 ಫ್ಲೂಯಿಡ್ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಅನ್ನುವುದು ನಿಯಮ. ನೀರಿನಂಶ ಹೀರಿಕೊಂಡ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತೆ. ಟೈರ್ ಮೇಲಿನ ನಾಲ್ಕು ಅಂಕಿ ನೋಡಿ. 2311 ಅಂತಿದ್ದರೆ 2011ರ 23ನೇ ವಾರದ್ದು. ಕಡಿಮೆ ಓಡಿದ ಕಾರುಗಳಲ್ಲಿ ಹಲ್ಲು ಹೊಸದರಂತೆ ಇರುತ್ತೆ, ರಬ್ಬರ್ ಮಾತ್ರ ಸತ್ತಿರುತ್ತೆ.

ಇಷ್ಟೆಲ್ಲ ಆದ ಮೇಲೂ ರೀಮ್ಯಾಪ್ ಬೇಕು ಅನ್ನಿಸಿದರೆ ಮಾಡಿಸಿ, ಇನ್ಶೂರೆನ್ಸ್‌ನವರಿಗೂ ತಿಳಿಸಿ. ಟ್ಯೂನರ್ ಹತ್ತಿರ ಹೋದಾಗ ಒಂದೇ ದಿನ, ಒಂದೇ ಪೆಟ್ರೋಲಿನಲ್ಲಿ ತೆಗೆದ ಮೊದಲಿನ ಲಾಗ್ ಮತ್ತು ಆಮೇಲಿನ ಲಾಗ್ ಎರಡೂ ಕೊಡಿ ಅಂತ ಕೇಳಿ. ನಿಮ್ಮ ಕಾರಿನ ಮೂಲ ಸಾಫ್ಟ್‌ವೇರ್ ಫೈಲ್ ಕೂಡ ಬೇಕು ಅನ್ನಿ. ಅವರು ಹಿಂದೆಮುಂದೆ ನೋಡಿದರೆ ಕೀ ಕೊಡಬೇಡಿ.