ಡಿವಿಡೆಂಡ್ ಬರದಿದ್ದರೆ ಮೊದಲು ಲೆಕ್ಕಪತ್ರದ ಟಿಪ್ಪಣಿ ಓದಿ

ಅಪ್ಪ ಕಟ್ಟಿದ ಪ್ರೈವೇಟ್ ಲಿಮಿಟೆಡ್ ಕಂಪನಿ. ಅಣ್ಣಂದಿರು ಡೈರೆಕ್ಟರ್‌ಗಳು, ತಂಗಿಯ ಹೆಸರಿನಲ್ಲಿ ಶೇ. 15 ಷೇರು. ವರ್ಷ ವರ್ಷ ಲಾಭ ಬರುತ್ತದೆ, ಅದರಲ್ಲಿ ಷೇರುದಾರರಿಗೆ ಹಂಚುವ ಪಾಲು, ಅಂದರೆ ಡಿವಿಡೆಂಡ್, ಮಾತ್ರ ಇಲ್ಲ. ಇಂಥವರು ನಮ್ಮ ಬಳಿ ಬಂದಾಗ ಮೊದಲು ಕೇಳುವುದು, "ಡಿವಿಡೆಂಡ್ ಕೊಡಿಸೋಕಾಗುತ್ತಾ ಸಾರ್?"

ಬರೀ ಅದಕ್ಕೇ ಕೇಸು ಹಾಕಿದರೆ ಗೆಲ್ಲುವುದು ಕಷ್ಟ. ಡಿವಿಡೆಂಡ್ ಶಿಫಾರಸು ಮಾಡುವುದು ಬೋರ್ಡ್. ಮಹಾಸಭೆ ಅದಕ್ಕಿಂತ ಜಾಸ್ತಿ ಘೋಷಿಸುವಂತಿಲ್ಲ. ವ್ಯಾಪಾರ ಬೆಳೆಸಲು ಲಾಭ ಉಳಿಸಿಕೊಂಡೆವು ಎಂದರೆ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿ (ಎನ್‌ಸಿಎಲ್‌ಟಿ) ಸುಲಭಕ್ಕೆ ಕೈಹಾಕುವುದಿಲ್ಲ. ಘೋಷಣೆ ಆದಮೇಲೆ ಮಾತು ಬೇರೆ. ಆಗ 30 ದಿನದೊಳಗೆ ಕೊಡಬೇಕು, ತಪ್ಪಿದರೆ ಶೇ. 18 ಬಡ್ಡಿ.

ನಿಜವಾಗಿ ಹುಡುಕಬೇಕಾದ್ದು ದುಡ್ಡು ಎಲ್ಲಿಗೆ ಹೋಯಿತು ಅನ್ನುವುದನ್ನು. ಆಡಿಟ್ ಆದ ಲೆಕ್ಕಪತ್ರದ ಪ್ರತಿ ಪಡೆಯುವುದು ಷೇರುದಾರರ ಹಕ್ಕು. ಕಂಪನಿ ಸತಾಯಿಸಿದರೆ, ಕಂಪನಿಗಳ ರಿಜಿಸ್ಟ್ರಾರ್‌ಗೆ ಸಲ್ಲಿಸಿದ್ದನ್ನು ಕೇಂದ್ರ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ (ಎಂಸಿಎ) ಪೋರ್ಟಲ್‌ನಲ್ಲಿ ಶುಲ್ಕ ಕಟ್ಟಿ ನೋಡಬಹುದು. ಅದರ ಕೊನೆಯಲ್ಲಿರುವ ಟಿಪ್ಪಣಿಗಳಲ್ಲಿ 'ರಿಲೇಟೆಡ್ ಪಾರ್ಟಿ' ಅಂತ ಒಂದು ಪಟ್ಟಿ ಇರುತ್ತದೆ, ಅಂದರೆ ಡೈರೆಕ್ಟರ್‌ಗಳು, ಅವರ ಸಂಬಂಧಿಕರು, ಅವರ ಸಂಸ್ಥೆಗಳ ಜೊತೆ ಕಂಪನಿ ನಡೆಸಿದ ವ್ಯವಹಾರ. ಅತ್ತಿಗೆ ಹೆಸರಿನ ಶೆಡ್ಡಿಗೆ ಬಾಡಿಗೆ, ಅಣ್ಣನ ಮಗನ ಸಂಸ್ಥೆಗೆ ಜಾಬ್ ವರ್ಕ್, ಡೈರೆಕ್ಟರ್‌ಗಳ ಸಂಬಳ, ಎಲ್ಲ ಅಲ್ಲೇ ಸಿಗುತ್ತದೆ. ಐದು ವರ್ಷದ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಮಾರಾಟ ಇದ್ದಷ್ಟೇ ಇದ್ದು ಬಾಡಿಗೆ ಮೂರು ಪಟ್ಟಾಗಿದ್ದರೆ ಅದೇ ಸಾಕ್ಷ್ಯದ ಮೊದಲ ಹಾಳೆ. ಅದೇ ಏರಿಯಾದ ಬೇರೆ ಶೆಡ್ಡುಗಳ ಬಾಡಿಗೆ ಕರಾರನ್ನೂ ಜೊತೆಗಿಡಿ. ಮಹಾಸಭೆಯ ನಡಾವಳಿ ಪ್ರತಿಯನ್ನೂ ಕೇಳಿ ಪಡೆಯಿರಿ. ಬೋರ್ಡ್ ಸಭೆಯ ನಡಾವಳಿ ಷೇರುದಾರರಿಗೆ ಹಾಗೆ ಸಿಗುವುದಿಲ್ಲ. ಅದನ್ನು ನ್ಯಾಯಮಂಡಳಿಯ ಆದೇಶದ ಮೂಲಕವೇ ತರಿಸಬೇಕು.

ಕಂಪನಿ ನಡೆಸುವವರ ದಬ್ಬಾಳಿಕೆ, ದುರಾಡಳಿತದ ವಿರುದ್ಧ 2013ರ ಕಂಪನಿ ಕಾಯ್ದೆಯ 241, 242ನೇ ಸೆಕ್ಷನ್‌ಗಳ ಅರ್ಜಿ ಹೋಗುವುದು ಎನ್‌ಸಿಎಲ್‌ಟಿಗೆ. ಕರ್ನಾಟಕದ ಕಂಪನಿಯಾದರೆ ಬೆಂಗಳೂರು ಪೀಠ. ಶೇ. 10 ಷೇರಿದ್ದರೆ ಅರ್ಜಿ ಹಾಕಬಹುದು. "ನನ್ನದು ಶೇ. 10ಕ್ಕಿಂತ ಕಡಿಮೆ, ಸುಮ್ನೆ ಇರಬೇಕಷ್ಟೆ" ಎಂದುಕೊಂಡವರು ಬಹಳ. ಕಾಯ್ದೆಯಲ್ಲಿ ಇನ್ನೊಂದು ದಾರಿಯಿದೆ: ಒಟ್ಟು ಸದಸ್ಯರಲ್ಲಿ ಹತ್ತನೇ ಒಂದರಷ್ಟು ಜನ, ಇಲ್ಲವೇ 100 ಜನ, ಯಾವುದು ಕಡಿಮೆಯೋ ಅಷ್ಟು. ಆರು ಸದಸ್ಯರ ಮನೆ ಕಂಪನಿಯಲ್ಲಿ ಹಾಗಾದರೆ ಒಬ್ಬರೇ ಸಾಕು, ಅಲ್ವಾ? ತಲೆಎಣಿಕೆಯೂ ಸಾಲದಿದ್ದರೆ ವಿನಾಯಿತಿ ಕೇಳಬಹುದು. ಕೊಡುವುದು ಬಿಡುವುದು ನ್ಯಾಯಮಂಡಳಿಯ ವಿವೇಚನೆ.

ಬೋರ್ಡಿನಿಂದ ತೆಗೆದರು ಅನ್ನುವ ಸಿಟ್ಟನ್ನೇ ಅರ್ಜಿಯ ತುಂಬ ಬರೆಯಬೇಡಿ. ಸೈರಸ್ ಮಿಸ್ತ್ರಿಯನ್ನು ಅಧ್ಯಕ್ಷ ಹುದ್ದೆಯಿಂದ ತೆಗೆದ ಟಾಟಾ ಸನ್ಸ್ ವಿರುದ್ಧ, ಅದರಲ್ಲಿ ಶೇ. 18ಕ್ಕೂ ಹೆಚ್ಚು ಷೇರಿದ್ದ ಅವರ ಕುಟುಂಬದ ಗುಂಪು 2021ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸೋತಿತು. ಹುದ್ದೆಯಿಂದ ತೆಗೆದದ್ದಷ್ಟೇ ದಬ್ಬಾಳಿಕೆ ಆಗದು.

ಸಾಬೀತಾದರೆ ನ್ಯಾಯಮಂಡಳಿಯ ಕೈ ದೊಡ್ಡದು. ಡೈರೆಕ್ಟರನ್ನು ತೆಗೆಯಬಹುದು, ಅವರು ಅಕ್ರಮವಾಗಿ ಪಡೆದ ಲಾಭ ವಸೂಲಿ ಮಾಡಿಸಬಹುದು, ಮಧ್ಯಂತರ ಆದೇಶ ಕೊಡಬಹುದು. ಅರ್ಜಿ ಬಾಕಿ ಇರುವಾಗಲೇ ಹೊಸ ಷೇರು ಹಂಚಿ ನಿಮ್ಮ ಪಾಲು ಕರಗಿಸುವ ಹುನ್ನಾರ ಕಂಡರೆ ಆ ಆದೇಶವನ್ನು ಮೊದಲ ದಿನವೇ ಕೇಳಿ.

ಬಹುಪಾಲು ಮನೆ ಜಗಳಗಳು ಕಡೆಗೆ ಮುಟ್ಟುವುದು ಷೇರು ಖರೀದಿಗೆ: ಅಣ್ಣಂದಿರು ದುಡ್ಡು ಕೊಡಬೇಕು, ತಂಗಿ ಹೊರಬರಬೇಕು. ಅಲ್ಲಿ ಬೆಲೆಯೇ ಎಲ್ಲ. ಹೊರಗೆ ಹರಿದ ದುಡ್ಡಿನಿಂದ ಲೆಕ್ಕದಲ್ಲಿ ಲಾಭ ಕಮ್ಮಿ ಕಾಣುತ್ತದೆ, ಷೇರಿನ ಬೆಲೆಯೂ ಕುಸಿಯುತ್ತದೆ. ಹಾಗಾಗಿ ಆ ಮೊತ್ತವನ್ನು ವಾಪಸ್ ಸೇರಿಸಿ, ಸ್ವತಂತ್ರ ಮೌಲ್ಯಮಾಪಕರಿಂದಲೇ ಬೆಲೆ ಕಟ್ಟಿಸಬೇಕೆಂಬ ಕೋರಿಕೆ ಮೂಲ ಅರ್ಜಿಯಲ್ಲೇ ಇರಲಿ.